ಮೈದಾನವೂ ಕೆಲಸದ ಸ್ಥಳ: ಜಿಲ್ಲೆಯ ಕ್ರೀಡಾ ವರದಿಗಾರ್ತಿಯರಿಗೊಂದು ಮಾರ್ಗದರ್ಶಿ

ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದ ಕಬಡ್ಡಿ ಅಂಕಣವಿರಲಿ, ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದ ದಸರಾ ಕ್ರೀಡಾಕೂಟವಿರಲಿ, ಚಿಂತಾಮಣಿ ಕಡೆಯ ಹಳ್ಳಿಯೊಂದರ ಹೊನಲು ಬೆಳಕಿನ ಟೆನಿಸ್ ಬಾಲ್ ಪಂದ್ಯಾವಳಿಯಿರಲಿ, ವರದಿಗೆಂದು ಹೋಗುವ ಹೆಣ್ಣುಮಗಳು ಪತ್ರಕರ್ತರ ಸಾಲಿನಲ್ಲಿ ಬಹುತೇಕ ಒಬ್ಬಳೇ ಇರುತ್ತಾಳೆ. ಆಕೆ ಸಾಮಾನ್ಯವಾಗಿ ಕಾಯಂ ನೌಕರಳೂ ಅಲ್ಲ. ಸುದ್ದಿಗಿಷ್ಟು ಎಂದು ಹಣ ಪಡೆಯುವ ಸ್ಟ್ರಿಂಗರ್, ಸ್ಥಳೀಯ ಯೂಟ್ಯೂಬ್ ವಾಹಿನಿಯ ಮೈಕು ಹಿಡಿದವಳು ಅಥವಾ ಪತ್ರಿಕೋದ್ಯಮ ಓದುತ್ತಲೇ ಕೆಲಸ ಕಲಿಯಲು ಬಂದ ವಿದ್ಯಾರ್ಥಿನಿ. "ಎಲ್‌ಬಿಡಬ್ಲ್ಯು ಅಂದ್ರೇನು ಹೇಳಿ ಮೇಡಂ, ನೋಡೋಣ" ಎಂಬ ಪರೀಕ್ಷೆಯಿಂದ ಹಿಡಿದು, ಸೆಲ್ಫಿಯ ನೆಪದಲ್ಲಿ ಹೆಗಲ ಮೇಲೆ ಬೀಳುವ ಕೈ, ನಡುರಾತ್ರಿಯ ಸಂದೇಶ, "ಇಂಥದ್ದು ಬರೆದರೆ ಈ ಊರಿನಲ್ಲಿ ಹೇಗೆ ಓಡಾಡ್ತೀಯೋ ನೋಡ್ತೀವಿ" ಎನ್ನುವ ಬೆದರಿಕೆಯವರೆಗೆ ಆಕೆ ಎದುರಿಸುವುದು ಹಲವು ಬಗೆ.

ಧೈರ್ಯವಾಗಿರು ಎಂಬ ಉಪದೇಶ ಈ ಲೇಖನದಲ್ಲಿಲ್ಲ. ಧೈರ್ಯ ಆಕೆಗೆ ಮೊದಲೇ ಇದೆ. ಇಲ್ಲದಿದ್ದರೆ ಆ ಮೈದಾನಕ್ಕೆ ಕಾಲಿಡುತ್ತಲೇ ಇರಲಿಲ್ಲ. ಕೊರತೆ ಇರುವುದು ದಾಖಲೆಗಳಲ್ಲಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಅಂದರೆ ಎಲ್ಲರೂ ಪಾಶ್ ಕಾಯ್ದೆ ಎನ್ನುವ ಕಾನೂನು, ಕೆಲಸದ ಸ್ಥಳ ಯಾವುದೆಂದು ವಿವರಿಸುವಾಗ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಕ್ರೀಡಾ ಸಂಕೀರ್ಣ ಮತ್ತು ಪಂದ್ಯ ನಡೆಯುವ ಸ್ಥಳಗಳನ್ನು ಹೆಸರಿಸಿಯೇ ಹೇಳುತ್ತದೆ. ಕೆಲಸದ ಮೇಲೆ ನೌಕರಳು ಹೋಗುವ ಯಾವುದೇ ಜಾಗ ಮತ್ತು ಸಂಸ್ಥೆ ಒದಗಿಸಿದ ವಾಹನವೂ ಅದರ ವ್ಯಾಪ್ತಿಗೆ ಬರುತ್ತವೆ. ತಾತ್ಕಾಲಿಕ, ದಿನಗೂಲಿ, ಗುತ್ತಿಗೆ, ತರಬೇತಿ, ಸಂಬಳವಿಲ್ಲದ ಸ್ವಯಂಸೇವೆ, ಹೀಗೆ ಎಲ್ಲ ಬಗೆಯ ದುಡಿಮೆಯನ್ನೂ ಕಾಯ್ದೆ ನೌಕರಿಯೆಂದೇ ಪರಿಗಣಿಸುತ್ತದೆ. "ನೀನು ನಮ್ಮ ಸ್ಟಾಫ್ ಅಲ್ಲವಲ್ಲ" ಎಂದು ಕಚೇರಿ ಕೈತೊಳೆದುಕೊಳ್ಳಲು ಈ ಕಾಯ್ದೆ ಸುಲಭವಾಗಿ ಬಿಡುವುದಿಲ್ಲ. ಆದರೆ ಆ ದಿನ ಆ ಮೈದಾನದಲ್ಲಿ ಆ ಸಂಸ್ಥೆಯ ಪರವಾಗಿಯೇ ಇದ್ದೆ ಎಂದು ತೋರಿಸುವ ಹೊಣೆ ಆಕೆಯ ಮೇಲೆ ಬರುತ್ತದೆ. ಆದ್ದರಿಂದ ಮೊದಲ ಹೆಜ್ಜೆ ಮನೆಯಿಂದ ಹೊರಡುವ ಮೊದಲೇ ಶುರುವಾಗಬೇಕು.

ಹೆಜ್ಜೆ 1: ಹೊರಡುವ ಮೊದಲು

ವರದಿಗೆ ಹೋಗಲು ಹೇಳಿದ್ದನ್ನು ಬರಹದಲ್ಲಿ ಪಡೆದುಕೊಳ್ಳಿ. ಇದಕ್ಕೆ ಲೆಟರ್‌ಹೆಡ್ಡೇ ಬೇಕೆಂದಿಲ್ಲ. ಫೋನಿನಲ್ಲಿ ಹೇಳಿದರೆ, "ಸರ್, ನೀವು ಹೇಳಿದಂತೆ ನಾಳೆ ಗೌರಿಬಿದನೂರಿನ ವಾಲಿಬಾಲ್ ಫೈನಲ್‌ಗೆ ಹೋಗುತ್ತಿದ್ದೇನೆ" ಎಂದು ಕಚೇರಿಯಲ್ಲಿ ಸುದ್ದಿ ನೋಡಿಕೊಳ್ಳುವ ಡೆಸ್ಕಿಗೆ ವಾಟ್ಸ್‌ಆ್ಯಪ್ ಮಾಡಿ, ಅವರಿಂದ ಒಂದು "ಸರಿ" ಬರಿಸಿಕೊಂಡರೂ ಸಾಕು. ಪ್ರಕಟವಾದ ವರದಿಗಳ ತುಣುಕು, ಸಂಭಾವನೆ ಜಮೆಯಾದ ಬ್ಯಾಂಕ್ ವಿವರ ಮತ್ತು ಸಂಸ್ಥೆಯ ಗುರುತಿನ ಚೀಟಿಯ ಚಿತ್ರವನ್ನು ಒಂದೇ ಕಡೆ ಜೋಡಿಸಿಡಿ.

ಎರಡನೆಯದಾಗಿ, ಕಿರುಕುಳದ ದೂರು ವಿಚಾರಿಸುವ ನಿಮ್ಮ ಸಂಸ್ಥೆಯ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿ ತಿಳಿದುಕೊಳ್ಳಿ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಈ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳೆಯಾಗಿರಬೇಕು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಮಹಿಳೆಯರಾಗಿರಬೇಕು, ಹೊರಗಿನವರೊಬ್ಬರು ಇರಬೇಕು. ಕಿರುಕುಳ ನಡೆದ ಮೇಲೆ ಈ ಹೆಸರುಗಳನ್ನು ಕೇಳಿದರೆ ಕಚೇರಿ ಎಚ್ಚೆತ್ತು ಕೂರುತ್ತದೆ. ಏನೂ ನಡೆಯದಿದ್ದಾಗ ಕೇಳಿದರೆ ಸುಮ್ಮನೆ ಕೊಡುತ್ತಾರೆ, ಅಥವಾ ಸಮಿತಿಯೇ ಇಲ್ಲವೆಂಬುದು ನಿಮಗೆ ಸಕಾಲದಲ್ಲಿ ತಿಳಿಯುತ್ತದೆ.

ಮೂರನೆಯದು ಹಿಂದಿರುಗುವ ದಾರಿ. ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನ ಟಿಕೆಟ್ ಹಣ ಉಳಿಯುತ್ತದೆ ನಿಜ, ಆದರೆ ರಾತ್ರಿ ಬಸ್ಸೇ ಇಲ್ಲದ ದಾರಿಯಲ್ಲಿ ಅದರಿಂದ ಪ್ರಯೋಜನವಿಲ್ಲ. ನಮ್ಮ ಕಡೆಯ ಹೊನಲು ಬೆಳಕಿನ ಫೈನಲ್‌ಗಳು ಕರಪತ್ರದಲ್ಲಿ ಅಚ್ಚಾದ ಸಮಯಕ್ಕೆ ಶುರುವಾಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಸನ್ಮಾನ ಮತ್ತು ಗಣ್ಯರ ಭಾಷಣಗಳೇ ಒಂದು ಇನಿಂಗ್ಸ್‌ನಷ್ಟು ಹೊತ್ತು ತಿನ್ನುತ್ತವೆ. ಆದ್ದರಿಂದ ಎಷ್ಟು ಗಂಟೆಗೆ ಮೈದಾನ ಬಿಡುತ್ತೀರಿ, ಆಮೇಲಿನ ಫಲಿತಾಂಶವನ್ನು ಫೋನಿನಲ್ಲಿ ಯಾರಿಂದ ಪಡೆಯುತ್ತೀರಿ ಎಂಬುದನ್ನು ಡೆಸ್ಕಿನೊಂದಿಗೆ ಮೊದಲೇ ಮಾತಾಡಿಕೊಳ್ಳಿ. ತಡವಾಗಿ ಉಳಿಯಲೇಬೇಕೆಂದರೆ ವಾಹನದ ಖರ್ಚು ಕಚೇರಿಯದು. ಆಯೋಜಕರ ಕಾರಿನಲ್ಲಿ "ಡ್ರಾಪ್" ಪಡೆಯುವುದು ಕೊನೆಯ ಆಯ್ಕೆಯೂ ಆಗಬಾರದು; ಸುರಕ್ಷತೆಯ ಮಾತು ಒಂದಾದರೆ, ಮಾರನೇ ದಿನ ಅವರ ವಿರುದ್ಧ ಬರೆಯಬೇಕಾದಾಗ ಅದೇ ಹಂಗಾಗಿ ಬಂದು ಕೂರುತ್ತದೆ ಎಂಬುದು ಇನ್ನೊಂದು.

ಹೆಜ್ಜೆ 2: ಯಾವುದು ಯಾವ ಬಗೆಯದೆಂದು ಬೇರ್ಪಡಿಸಿ

ಎಲ್ಲ ಅವಮಾನಕ್ಕೂ ಒಂದೇ ಬಾಗಿಲಿಲ್ಲ. "ಹೆಂಗಸರಿಗೆ ಕ್ರಿಕೆಟ್ ಏನು ತಿಳಿಯುತ್ತೆ" ಎಂಬ ಹೀಯಾಳಿಕೆ ಲಿಂಗತಾರತಮ್ಯ ಹೌದು, ಆದರೆ ಅದೊಂದೇ ಮಾತು ಪಾಶ್ ದೂರಿನಲ್ಲಿ ನಿಲ್ಲುವುದು ಕಷ್ಟ. ಅದಕ್ಕೆ ಉತ್ತರ ಸಂಪಾದಕರ ಮೂಲಕ, ಆಯೋಜಕರ ಮೂಲಕ ಬರಬೇಕು. ಬಯಸದ ಸ್ಪರ್ಶ, ಲೈಂಗಿಕ ಅರ್ಥದ ಮಾತು, ಲೈಂಗಿಕ ಬೇಡಿಕೆ, ಅಶ್ಲೀಲ ಚಿತ್ರ ಕಳಿಸುವುದು ಪಾಶ್ ಕಾಯ್ದೆಯಲ್ಲೂ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಕಿರುಕುಳವೇ. ಸುದ್ದಿ ಹಿಂಪಡೆಯಲು ಹೆದರಿಸುವುದು ಕ್ರಿಮಿನಲ್ ಬೆದರಿಕೆ, ಅದು ಪೊಲೀಸರ ದಾರಿ. ಮೂರೂ ಒಂದೇ ಸಂಜೆ ಒಬ್ಬನೇ ವ್ಯಕ್ತಿಯಿಂದ ಬರಬಹುದು. ಆಗಲೂ ಬರೆದಿಡುವಾಗ ಬೇರೆ ಬೇರೆಯಾಗಿಯೇ ಬರೆಯಿರಿ.

ಆಯೋಜಕರ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂಬುದನ್ನು ನಮ್ಮವರು ಮರೆಯುತ್ತಾರೆ. 2016ರ ಜನವರಿಯಲ್ಲಿ ಬಿಗ್ ಬ್ಯಾಷ್ ಪಂದ್ಯದ ನೇರಪ್ರಸಾರದಲ್ಲಿ ಕ್ರಿಸ್ ಗೇಲ್ ವರದಿಗಾರ್ತಿ ಮೆಲ್ ಮೆಕ್‌ಲಾಫ್ಲಿನ್ ಅವರೊಂದಿಗೆ ಚೆಲ್ಲಾಟದ ಮಾತಾಡಿದಾಗ, ಅವರದೇ ತಂಡ ಮೆಲ್ಬರ್ನ್ ರೆನೆಗೇಡ್ಸ್ 10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. 2017ರ ಫ್ರೆಂಚ್ ಓಪನ್‌ನಲ್ಲಿ ಮ್ಯಾಕ್ಸಿಮ್ ಹಮೂ ಎಂಬ ಆಟಗಾರ ಯೂರೋಸ್ಪೋರ್ಟ್ ವರದಿಗಾರ್ತಿಯನ್ನು ನೇರಪ್ರಸಾರದಲ್ಲೇ ಹಿಡಿದೆಳೆದು ಮುತ್ತಿಡಲು ಹೋದಾಗ, ಟೂರ್ನಿಯ ಆಡಳಿತ ಆತನ ಮಾನ್ಯತಾ ಪಾಸನ್ನೇ ಕಿತ್ತುಕೊಂಡಿತು. ಇವೆರಡರಲ್ಲೂ ಮೊದಲ ಕ್ರಮ ಕೈಗೊಂಡವರು ತಂಡ ಮತ್ತು ಆಯೋಜಕರು; ಪೊಲೀಸರಿಗಾಗಿ ಯಾರೂ ಕಾಯಲಿಲ್ಲ. ತಾಲ್ಲೂಕು ಕಬಡ್ಡಿ ಸಂಸ್ಥೆಯೂ ಬೇಕೆಂದರೆ ಒಬ್ಬ ತಂಡದ ಮ್ಯಾನೇಜರನನ್ನು ಅಂಕಣದಿಂದ ಹೊರಗಿಡಬಹುದು. ಸರ್ಕಾರಿ ಕ್ರೀಡಾಕೂಟವಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗೆ ಲಿಖಿತ ದೂರು ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಹೆಜ್ಜೆ 3: ಮೈದಾನದಲ್ಲಿ

ಪರೀಕ್ಷೆ ಮಾಡುವವರಿಗೆ ಉತ್ತರ ಒಪ್ಪಿಸಬೇಡಿ. ಆಫ್‌ಸೈಡ್ ನಿಯಮವನ್ನು ತಪ್ಪಿಲ್ಲದೆ ಹೇಳಿದರೂ ಮುಂದಿನ ಪ್ರಶ್ನೆ ಬರುತ್ತದೆ, ಏಕೆಂದರೆ ಅಲ್ಲಿ ಪರೀಕ್ಷೆಗೆ ಒಳಗಾಗಿರುವುದು ನಿಮ್ಮ ಜ್ಞಾನವಲ್ಲ. ನಿಮ್ಮ ಪ್ರಶ್ನೆಯನ್ನೇ ಅದೇ ದನಿಯಲ್ಲಿ ಮತ್ತೊಮ್ಮೆ ಕೇಳಿ: "ಕೊನೆಯ ರೇಡ್‌ಗೆ ಅವರನ್ನೇ ಯಾಕೆ ಕಳಿಸಿದಿರಿ?" ಮೈ ಮುಟ್ಟಿದರೆ ಹಿಂದೆ ಸರಿದು, ಸುತ್ತಲಿನವರಿಗೆ ಕೇಳುವಂತೆ "ಮುಟ್ಟಬೇಡಿ" ಎನ್ನಿ. ಆ ಒಂದು ಮಾತು ಅಲ್ಲಿದ್ದವರನ್ನು ಸಾಕ್ಷಿಗಳನ್ನಾಗಿ ಮಾಡುತ್ತದೆ. ಹಾಗೆ ಹೇಳಲಾಗದೆ ಮೈ ಮರಗಟ್ಟಿ ನಿಂತರೆ, ಅದು ಒಪ್ಪಿಗೆಯಲ್ಲ. ದೂರಿನಲ್ಲಿ ಅದನ್ನೂ ಇದ್ದಂತೆಯೇ ಬರೆಯಬಹುದು.

ಬೈಟ್, ಅಂದರೆ ಮೈಕಿನ ಮುಂದಿನ ಹೇಳಿಕೆ, ತೆಗೆದುಕೊಳ್ಳುವ ಜಾಗವನ್ನು ನೀವೇ ಆರಿಸಿ: ಗೆರೆಯ ಪಕ್ಕ, ಸ್ಕೋರರ್ ಮೇಜಿನ ಹತ್ತಿರ, ಬೆಳಕಿರುವ ಕಡೆ. ಲಾಡ್ಜ್ ಕೋಣೆ, ನಿಲ್ಲಿಸಿದ ಕಾರು, ಸಂಘದ ಕಚೇರಿಯ ಒಳಕೋಣೆ ಬೇಡ.

ಇದರಲ್ಲೇ ಇನ್ನೊಂದು ತೊಡಕಿದೆ, ಮತ್ತು ಜಿಲ್ಲಾ ಮಟ್ಟದಲ್ಲಿ ದೊಡ್ಡ ನಷ್ಟವಾಗುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ 1977ರ ವರ್ಲ್ಡ್ ಸೀರೀಸ್ ಬೇಸ್‌ಬಾಲ್ ವೇಳೆ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ವರದಿಗಾರ್ತಿ ಮೆಲಿಸಾ ಲಡ್ಕಿ ಅವರಿಗೆ ಆಟಗಾರರ ಲಾಕರ್ ರೂಮಿಗೆ ಪ್ರವೇಶ ನಿರಾಕರಿಸಲಾಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 1978ರಲ್ಲಿ ನ್ಯಾಯಾಧೀಶೆ ಕಾನ್ಸ್ಟನ್ಸ್ ಬೇಕರ್ ಮೋಟ್ಲಿ ಆಕೆಯ ಪರ ತೀರ್ಪು ಕೊಟ್ಟರು. ಗಂಡು ವರದಿಗಾರರಿಗೆ ತೆರೆದ ಸುದ್ದಿಯ ಬಾಗಿಲನ್ನು ಹೆಣ್ಣು ಎಂಬ ಒಂದೇ ಕಾರಣಕ್ಕೆ ಮುಚ್ಚುವಂತಿಲ್ಲ ಎಂಬುದು ಅದರ ತಿರುಳು. ನಮ್ಮ ಪಂದ್ಯಾವಳಿಗಳಲ್ಲಿ ಲಾಕರ್ ರೂಮು ಎಲ್ಲಿದೆ, ಶಾಮಿಯಾನದ ಹಿಂಬದಿಯೇ ಎಲ್ಲ. ಆದರೆ ಬೇರೊಂದು ಕೋಣೆ ಇದೆ: ಪಂದ್ಯ ಮುಗಿದ ಮೇಲಿನ ರಾತ್ರಿಯ ಗುಂಡು, ಊಟ. ಮುಂದಿನ ಜಿಲ್ಲಾ ತಂಡಕ್ಕೆ ಯಾರ ಆಯ್ಕೆ, ಯಾವ ಸಂಘದಲ್ಲಿ ಯಾರ ಜಗಳ, ಯಾವ ಪ್ರಾಯೋಜಕ ಹಣ ಕೊಡಲಿಲ್ಲ ಎಂಬ ನಿಜವಾದ ಸುದ್ದಿಯೆಲ್ಲ ಹೊರಬೀಳುವುದು ಆ ಗುಂಡುಮೇಜಿನ ಸುತ್ತ. ವರದಿಗಾರ್ತಿ ಅಲ್ಲಿಗೆ ಹೋದರೂ ಮಾತು, ಹೋಗದಿದ್ದರೂ ನಷ್ಟ. ಇದಕ್ಕೆ ಒಬ್ಬಳೇ ಪರಿಹಾರ ಹುಡುಕಲಾಗದು. ಪತ್ರಿಕಾಗೋಷ್ಠಿಯನ್ನು ಹಗಲಿನಲ್ಲಿ, ಮೈದಾನದಲ್ಲೇ, ಎಲ್ಲರಿಗೂ ಒಟ್ಟಿಗೆ ನಡೆಸಬೇಕೆಂದು ಕಾರ್ಯನಿರತ ಪತ್ರಕರ್ತರ ಸಂಘದ ಜಿಲ್ಲಾ ಘಟಕದ ಮೂಲಕ ಪ್ರತಿ ದೊಡ್ಡ ಪಂದ್ಯಾವಳಿಗೂ ಮೊದಲು ಆಯೋಜಕರಿಗೆ ಪತ್ರ ಹೋಗಲಿ. ಅದು ಹೆಣ್ಣುಮಗಳಿಗೆ ಕೊಟ್ಟ ರಿಯಾಯಿತಿಯೇನಲ್ಲ. ಕುಡಿಯದ ಗಂಡಸರಿಗೂ ಅದರಿಂದ ಅನುಕೂಲ.

ಹೆಜ್ಜೆ 4: ಅದೇ ರಾತ್ರಿ ಬರೆದಿಡಿ

ನಡೆದದ್ದನ್ನು ಮಲಗುವ ಮೊದಲು ಬರೆಯಿರಿ ಮತ್ತು ನಿಮಗೆ ನೀವೇ ಇಮೇಲ್ ಮಾಡಿಕೊಳ್ಳಿ. ಆಗ ದಿನಾಂಕ ಮತ್ತು ಸಮಯ ತಾವಾಗಿಯೇ ದಾಖಲಾಗುತ್ತವೆ. ಸ್ಥಳ, ಸಮಯ, ಯಾರು, ಏನು ಅಂದರು, ಏನು ಮಾಡಿದರು, ನೀವು ಏನು ಅಂದಿರಿ, ಹತ್ತಿರ ಯಾರಿದ್ದರು, ಆಮೇಲೆ ಯಾರಿಗೆ ಹೇಳಿದಿರಿ ಎಂಬಿಷ್ಟು ಸಾಕು. "ಅಸಭ್ಯವಾಗಿ ವರ್ತಿಸಿದರು" ಎಂದು ಬರೆಯಬೇಡಿ. ಅದು ನಮ್ಮ ಪತ್ರಿಕಾ ಭಾಷೆಯ ರೂಢಿ, ದೂರಿನಲ್ಲಿ ಅದಕ್ಕೆ ತೂಕವಿಲ್ಲ. "ಎಡಗೈಯಿಂದ ನನ್ನ ಸೊಂಟ ಹಿಡಿದರು, ನಾನು ಕೈ ತಳ್ಳಿದೆ, ಮತ್ತೆ ಹಿಡಿದು ನಕ್ಕರು" ಎಂದು ಬರೆದರೆ ಸಮಿತಿಗೂ ಪೊಲೀಸರಿಗೂ ಅರ್ಥವಾಗುತ್ತದೆ.

ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ದಾಖಲಿಸಿ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಚುಡಾಯಿಸುವ ಮಾತು ತೆಲುಗಿನಲ್ಲಿ ಬರುತ್ತದೆ, ಕೆಜಿಎಫ್ ಮೈದಾನಗಳಲ್ಲಿ ತಮಿಳಿನಲ್ಲಿ. ಅದನ್ನು ಸಭ್ಯ ಕನ್ನಡಕ್ಕೆ ತಿರುಗಿಸಿದರೆ ಅರ್ಧ ಅಪರಾಧ ಅಲ್ಲೇ ಅಳಿಸಿಹೋಗುತ್ತದೆ. ಮೂಲ ಮಾತನ್ನು ಕನ್ನಡ ಲಿಪಿಯಲ್ಲಿ ಇದ್ದಂತೆ ಬರೆದು, ಕೆಳಗೆ ಅರ್ಥ ಕೊಡಿ. ಬರೆಯಲು ಸಂಕೋಚವಾಗುವ ಪದವೇ ಹೆಚ್ಚಾಗಿ ಪ್ರಕರಣವನ್ನು ನಿಲ್ಲಿಸುವ ಪದವಾಗಿರುತ್ತದೆ.

ಸಂದರ್ಶನಕ್ಕೆ ಹಾಕಿದ್ದ ರೆಕಾರ್ಡಿಂಗಿನಲ್ಲಿ ಏನಾದರೂ ಸಿಕ್ಕಿದ್ದರೆ ಮೂಲ ಕಡತವನ್ನು ಕತ್ತರಿಸಬೇಡಿ, ಹೆಸರು ಬದಲಿಸಬೇಡಿ, ಆ ಫೋನನ್ನು ಮಾರಬೇಡಿ. ವಿದ್ಯುನ್ಮಾನ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ, ಮೂಲವನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ ನಿಮ್ಮದು.

ಹೆಜ್ಜೆ 5: ಫೋನಿನೊಳಗಿನ ಕಿರುಕುಳ

ಯುನೆಸ್ಕೊ 2020ರಲ್ಲಿ ನಡೆಸಿದ ಜಾಗತಿಕ ಸಮೀಕ್ಷೆಯಲ್ಲಿ ಪಾಲ್ಗೊಂಡ ಪತ್ರಕರ್ತೆಯರಲ್ಲಿ ಶೇ 73ರಷ್ಟು ಮಂದಿ ತಾವು ಆನ್‌ಲೈನ್ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಕ್ರೀಡಾ ವರದಿಗಾರ್ತಿಯ ವಿಷಯದಲ್ಲಿ ಹೆಚ್ಚುವರಿ ತೊಂದರೆಯೆಂದರೆ, ಆಕೆಯ ನಂಬರ್ ಪ್ರತಿಯೊಂದು ಪಂದ್ಯಾವಳಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇರುತ್ತದೆ, ಇರಲೇಬೇಕು. ಸಾಧ್ಯವಾದರೆ ಕೆಲಸಕ್ಕೇ ಒಂದು ಪ್ರತ್ಯೇಕ ಸಿಮ್ ಇಟ್ಟುಕೊಳ್ಳಿ, ಪ್ರೊಫೈಲ್ ಚಿತ್ರ ನಿಮ್ಮ ಸಂಪರ್ಕದಲ್ಲಿರುವವರಿಗೆ ಮಾತ್ರ ಕಾಣುವಂತೆ ಮಾಡಿ.

ಬೇಡದ ಸಂದೇಶ ಬಂದಾಗ ಒಂದೇ ಒಂದು ಸ್ಪಷ್ಟ ಉತ್ತರ ಕೊಡಿ: "ಪಂದ್ಯದ ಸುದ್ದಿ ಬಿಟ್ಟು ಬೇರೆ ವಿಷಯಕ್ಕೆ ನನಗೆ ಸಂದೇಶ ಕಳಿಸಬೇಡಿ." ಇದು ಸೌಜನ್ಯಕ್ಕಾಗಿ ಹೇಳುವ ಮಾತಲ್ಲ. ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು ನ್ಯಾಯ ಸಂಹಿತೆಯ ಸೆಕ್ಷನ್ 78ರ ಪ್ರಕಾರ ಹಿಂಬಾಲಿಸುವ ಅಪರಾಧ, ಮೊದಲ ಬಾರಿಗೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ನಿಮ್ಮ ಆ ಒಂದು ಸಾಲಿನಿಂದಲೇ ಎಣಿಕೆ ಶುರುವಾಗುತ್ತದೆ. ನಂಬರ್ ಮತ್ತು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಇಡೀ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿ ಇಮೇಲಿಗೆ ಕಳಿಸಿಕೊಂಡ ನಂತರವೇ ಬ್ಲಾಕ್ ಮಾಡಿ. ಕಳಿಸಿದವನು ಅಳಿಸಿಹಾಕುವ ಮೊದಲು ಇಷ್ಟು ಮುಗಿದಿರಬೇಕು. ತಿರುಚಿದ ಚಿತ್ರ ಅಥವಾ ನಕಲಿ ಖಾತೆಯ ವಿಷಯವಾದರೆ ಖಾತೆಯ ಪೂರ್ಣ ಕೊಂಡಿಯನ್ನೂ ಉಳಿಸಿಕೊಂಡು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಯಲ್ಲಿ ದೂರು ಕೊಡಿ.

ಹೆಜ್ಜೆ 6: ಸಮಿತಿಗೆ ದೂರು

ಕೊನೆಯ ಘಟನೆ ನಡೆದು ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ದಾಖಲೆ ಹಾಗೂ ಸಾಕ್ಷಿಗಳ ಹೆಸರು, ವಿಳಾಸದೊಂದಿಗೆ ಆರು ಪ್ರತಿ ಕೊಡಬೇಕೆಂಬುದು ನಿಯಮ. ಸಂಸ್ಥೆಯಲ್ಲಿ ಹತ್ತಕ್ಕಿಂತ ಕಡಿಮೆ ಜನರಿರುವ ಕಾರಣ ಸಮಿತಿ ಇಲ್ಲದಿದ್ದರೆ, ಅಥವಾ ಕಿರುಕುಳ ಕೊಟ್ಟವನು ಮಾಲೀಕನೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಹೋಗಬೇಕು. ಮೂವರು ಸೇರಿ ನಡೆಸುವ ಯೂಟ್ಯೂಬ್ ವಾಹಿನಿಗಳಿಗೆ ಅನ್ವಯಿಸುವುದು ಇದೇ. ಇದಕ್ಕಾಗಿ ಪಾವಗಡದವಳು ತುಮಕೂರಿನವರೆಗೆ ಬರಬೇಕಿಲ್ಲ: ಕಾಯ್ದೆಯ ಪ್ರಕಾರ ಪ್ರತಿ ತಾಲ್ಲೂಕಿನಲ್ಲೂ ದೂರು ಸ್ವೀಕರಿಸುವ ನೋಡಲ್ ಅಧಿಕಾರಿ ಇರಬೇಕು, ಅವರು ಏಳು ದಿನದೊಳಗೆ ಅದನ್ನು ಸಮಿತಿಗೆ ತಲುಪಿಸಬೇಕು. ಅವರು ಯಾರೆಂದು ತಿಳಿಯದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್ ಮೂಲಕವೂ ದೂರು ದಾಖಲಿಸಬಹುದು.

ಕಿರುಕುಳ ಕೊಟ್ಟವನು ನಿಮ್ಮ ಸಂಸ್ಥೆಯವನಲ್ಲ, ಆಟಗಾರನೋ ಆಯೋಜಕನೋ ಎಂದಾದರೂ ನಿಮ್ಮ ಕಚೇರಿಯ ಹೊಣೆ ಕಳಚುವುದಿಲ್ಲ. ಕೆಲಸದ ಸ್ಥಳದಲ್ಲಿ ಸಂಪರ್ಕಕ್ಕೆ ಬರುವ ಹೊರಗಿನವರಿಂದಲೂ ರಕ್ಷಣೆ ಒದಗಿಸುವುದು, ನೀವು ಪೊಲೀಸ್ ದೂರು ಕೊಡಲು ಬಯಸಿದರೆ ನೆರವಾಗುವುದು ಸೆಕ್ಷನ್ 19ರ ಪ್ರಕಾರ ಉದ್ಯೋಗದಾತರ ಕರ್ತವ್ಯ. ಈ ಸೆಕ್ಷನ್ನಿನ ಸಂಖ್ಯೆಯನ್ನು ದೂರಿನಲ್ಲಿ ಬರೆಯಿರಿ. ಬ್ಯೂರೋ ಮುಖ್ಯಸ್ಥರು ಅದನ್ನು ಓದದಿದ್ದರೂ ಸಂಸ್ಥೆಯ ವಕೀಲರು ಓದುತ್ತಾರೆ.

ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಆತನನ್ನೋ ನಿಮ್ಮನ್ನೋ ಬೇರೆಡೆಗೆ ವರ್ಗಾಯಿಸಲು ಅಥವಾ ನಿಮಗೆ ಮೂರು ತಿಂಗಳವರೆಗೆ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ನಿಮ್ಮನ್ನೇ ಕ್ರೀಡೆಯಿಂದ ಎತ್ತಿ ಪುರವಣಿಗೆ ಹಾಕುವ "ರಕ್ಷಣೆ"ಯನ್ನು ಒಪ್ಪಬೇಕಿಲ್ಲ, ಆತನನ್ನು ದೂರವಿಡಿ ಎಂದು ಕೇಳಿ. ರಾಜಿ ಸಂಧಾನ ನಡೆಯುವುದು ನೀವು ಕೇಳಿದರೆ ಮಾತ್ರ, ಅದರಲ್ಲಿ ಹಣದ ಮಾತು ಬರುವಂತಿಲ್ಲ. ಊರಿನ ಹಿರಿಯರು, ಸಂಘದ ಪದಾಧಿಕಾರಿಗಳು ಕೂರಿಸಿ "ಹೋಗಲಿ ಬಿಡಮ್ಮ" ಎನ್ನುವುದು ಈ ಸಂಧಾನವಲ್ಲ. ಸಾಬೀತು ಮಾಡಲಾಗದಿದ್ದರೆ ತಿರುಗಿ ನನ್ನ ಮೇಲೇ ಕ್ರಮವಾಗುತ್ತದೆಯೇ ಎಂಬ ಭಯ ಹಲವರಿಗಿದೆ; ಪುರಾವೆ ಸಾಲಲಿಲ್ಲ ಎಂಬಷ್ಟಕ್ಕೇ ಕ್ರಮ ಕೈಗೊಳ್ಳುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ದೂರುದಾರಳ ಗುರುತು ಮತ್ತು ವಿಚಾರಣೆಯ ವಿವರ ಪ್ರಕಟಿಸುವುದೂ ನಿಷಿದ್ಧ. ಪತ್ರಕರ್ತರ ನಡುವೆಯೇ ಇರುವವಳಿಗೆ ಇದನ್ನು ನೆನಪಿಸಬೇಕಾಗಿರುವುದು ವಿಪರ್ಯಾಸ.

ಹೆಜ್ಜೆ 7: ಪೊಲೀಸ್ ಠಾಣೆ

ತಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181. ದೂರಿನಲ್ಲಿ ಉಪಯೋಗಕ್ಕೆ ಬರುವ ನ್ಯಾಯ ಸಂಹಿತೆಯ ಸೆಕ್ಷನ್‌ಗಳು ಮುಖ್ಯವಾಗಿ ಇವು: ಮಾನಭಂಗದ ಉದ್ದೇಶದ ಹಲ್ಲೆಗೆ 74, ಲೈಂಗಿಕ ಕಿರುಕುಳಕ್ಕೆ 75, ಹಿಂಬಾಲಿಸುವುದಕ್ಕೆ 78, ಮಾತು ಮತ್ತು ಸನ್ನೆಯ ಅವಮಾನಕ್ಕೆ 79, ಬೆದರಿಕೆಗೆ 351. ಕೊನೆಯದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. "ನಿನ್ನ ನಡತೆಯ ಬಗ್ಗೆ ಊರೆಲ್ಲ ಹಬ್ಬಿಸುತ್ತೇನೆ" ಎಂದು ಹೆಣ್ಣಿನ ಶೀಲಕ್ಕೆ ಕಳಂಕ ಹೊರಿಸುವುದಾಗಿ ಹೆದರಿಸುವುದನ್ನು ಕಾನೂನು ಕೊಲೆ ಬೆದರಿಕೆಯ ಸಾಲಿನಲ್ಲೇ ಇಟ್ಟು ಏಳು ವರ್ಷದವರೆಗಿನ ಶಿಕ್ಷೆ ಗೊತ್ತುಮಾಡಿದೆ. ಸಣ್ಣ ಊರುಗಳಲ್ಲಿ ವರದಿಗಾರ್ತಿಯರ ಬಾಯಿ ಮುಚ್ಚಿಸಲು ಹೆಚ್ಚಾಗಿ ಬಳಕೆಯಾಗುವುದು ಇದೇ ಅಸ್ತ್ರ, ಆದ್ದರಿಂದ ಆ ಮಾತನ್ನು ದೂರಿನಲ್ಲಿ ಬಿಡಬೇಡಿ. ಹೆಸರು ಮರೆಸಿ ಬೆದರಿಸಿದರೆ ಹೆಚ್ಚುವರಿ ಶಿಕ್ಷೆಯೂ ಇದೆ.

74ರಿಂದ 79ರವರೆಗಿನ ಅಪರಾಧಗಳಲ್ಲಿ ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಿಕೊಳ್ಳಬೇಕು. ಘಟನೆ ಮುಳಬಾಗಿಲಿನಲ್ಲಿ ನಡೆದು ನೀವು ಕೋಲಾರಕ್ಕೆ ಮರಳಿದ್ದರೆ ಕೋಲಾರದ ಠಾಣೆಯಲ್ಲೇ ಜೀರೋ ಎಫ್‌ಐಆರ್ ಮಾಡಿಸಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ದೂರು ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸಿಕೊಳ್ಳಲು ನಿರಾಕರಿಸಿದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ದೂರು ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಕೋಲಾರ ಜಿಲ್ಲೆಯಲ್ಲಿ ಕೆಜಿಎಫ್ ಪ್ರತ್ಯೇಕ ಪೊಲೀಸ್ ಜಿಲ್ಲೆ, ಅದಕ್ಕೆ ಬೇರೆಯೇ ವರಿಷ್ಠಾಧಿಕಾರಿ ಇದ್ದಾರೆ; ಘಟನೆ ನಡೆದ ಠಾಣೆ ಯಾರ ವ್ಯಾಪ್ತಿಯದೆಂದು ನೋಡಿಯೇ ಲಕೋಟೆಯ ಮೇಲೆ ವಿಳಾಸ ಬರೆಯಿರಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ, ಸಹಾಯವಾಣಿ 15100.

ಡೆಸ್ಕಿನಲ್ಲಿ ಕೂತವರಿಗೆ

2021ರ ನವೆಂಬರ್‌ನಲ್ಲಿ ಇಟಲಿಯ ಎಂಪೊಲಿಯಲ್ಲಿ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಕ್ರೀಡಾಂಗಣದ ಹೊರಗೆ ನೇರಪ್ರಸಾರ ಮಾಡುತ್ತಿದ್ದ ಗ್ರೇಟಾ ಬೆಕ್ಕಾಲ್ಯಾ ಅವರ ಮೈಮೇಲೆ ಅಭಿಮಾನಿಯೊಬ್ಬ ಕೈ ಹಾಕಿದ. ಆಕೆ ಒಂದು ಸಣ್ಣ ಪ್ರಾದೇಶಿಕ ವಾಹಿನಿಯ ವರದಿಗಾರ್ತಿ. ಸ್ಟುಡಿಯೊದಲ್ಲಿದ್ದ ನಿರೂಪಕ ಆಕೆಗೆ ಹೇಳಿದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು. ಅಭಿಮಾನಿಗೆ ಕ್ರೀಡಾಂಗಣ ಪ್ರವೇಶ ನಿಷೇಧವೂ ನ್ಯಾಯಾಲಯದ ಶಿಕ್ಷೆಯೂ ಆದವು, ಆದರೆ ನಿರೂಪಕನ ಆ ಮಾತಿನ ಬಗ್ಗೆಯೂ ಅಷ್ಟೇ ಚರ್ಚೆಯಾಯಿತು. ವರದಿಗಾರ್ತಿ ಫೋನ್ ಮಾಡಿ ಹೀಗಾಯಿತೆಂದಾಗ ಡೆಸ್ಕು ಮೊದಲು ಕೇಳಬೇಕಾದ್ದು ವರದಿಯ ಕಾಪಿ ಎಷ್ಟು ಹೊತ್ತಿಗೆ ಬರುತ್ತದೆ ಎಂದಲ್ಲ. ಈಗ ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ, ಗಾಡಿ ಕಳಿಸಲೇ ಎಂದು. ಆಯೋಜಕರಿಗೆ ಫೋನ್ ಮಾಡುವ ಕೆಲಸ ಸಂಪಾದಕರದು, ಆಕೆಯದಲ್ಲ.

ದೂರಿನ ನಂತರ ಸೇಡು ಬಹುತೇಕ ಸದ್ದಿಲ್ಲದೆ ಬರುತ್ತದೆ. ಗುಂಪಿನಿಂದ ನಂಬರ್ ತೆಗೆಯುತ್ತಾರೆ, ಪಂದ್ಯದ ವೇಳಾಪಟ್ಟಿ ಬರುವುದಿಲ್ಲ, ಫಲಿತಾಂಶ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ. ಇದನ್ನೂ ದಿನಾಂಕ ಸಮೇತ ಬರೆದು ಸಮಿತಿಗೆ ಪೂರಕ ಮಾಹಿತಿಯಾಗಿ ಕೊಡಿ. ಸುದ್ದಿ ನಿಲ್ಲದಂತೆ ಡೆಸ್ಕು ಬೇರೆ ಮೂಲಗಳನ್ನು ಒದಗಿಸಬೇಕು: ತೀರ್ಪುಗಾರರು, ಎದುರಾಳಿ ತಂಡದ ತರಬೇತುದಾರರು, ಶಾಲಾ ದೈಹಿಕ ಶಿಕ್ಷಕರು, ಕ್ರೀಡಾ ಇಲಾಖೆಯ ಕಚೇರಿ. ಮುಂದಿನ ಪಂದ್ಯಾವಳಿಗೆ ಬೇರೊಬ್ಬರನ್ನು ಕಳಿಸುವುದು ಡೆಸ್ಕಿಗೆ ಸುಲಭ, ಆಯೋಜಕರು ಕಾದಿರುವುದೂ ಅದಕ್ಕೇ. ಆಕೆ ಹೋಗಲು ಸಿದ್ಧಳಿದ್ದರೆ ಆಕೆಯ ಹೆಸರಿನಲ್ಲೇ ಪಾಸ್ ಕೇಳಿ ಸಂಪಾದಕರ ಸಹಿಯ ಪತ್ರ ಹೋಗಲಿ, ಮೊದಲ ದಿನ ಜೊತೆಗೊಬ್ಬ ಛಾಯಾಗ್ರಾಹಕ ಇರಲಿ. ಪಾಸ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಆ ಉತ್ತರವನ್ನೂ ದೂರಿನ ಕಡತಕ್ಕೆ ಸೇರಿಸಿ.